ಕೆಂಪಿಗೆ ಹೊರಗಿನ ಸಂಬಂಧ

ಇದು ನಡೆದದ್ದೇ. ನಂಬಿಕೆ ಬಾರದಿದ್ದರೆ ವನಗೂರಿಗೆ ಹೋಗಿ ಕರುವನ್ನೇ ಕೇಳಿ. ‘ಅಂಬಾ’ ಅಂದರೆ ಹೌದು ಅಂತ ತಿಳಿದುಕೊಳ್ಳಿ.

ಅಲ್ಲಿನ ಸುಬ್ಬಯ್ಯನವರಿಗೆ ನಾಲ್ಕೆಕರೆ ಕಾಫಿಗಿಂತ ಕೊಟ್ಟಿಗೆಯ ಆರು ಮಲೆನಾಡು ಗಿಡ್ಡ ಹಸುಗಳ ಮೇಲೇ ಅಭಿಮಾನ. ಅಪ್ಪನ ಕಾಲದಿಂದ ಹೊರಗಿನ ಹೋರಿ ಆ ಹೊಸಿಲು ದಾಟಿಲ್ಲ. ಮನೆಯ ಹೋರಿಯೇ ಮನೆಯ ಹಸುಗಳಿಗೆ. ಹೀಗಾಗಿ ಕೆಂಪಿ ಎಂಬ ಹಸುವಿಗೆ ಭೀಮ ಎಂಬ ಹೋರಿ ಅಪ್ಪ. ಇಬ್ಬರನ್ನೂ ಹೆತ್ತ ತಾಯಿ ಒಂದೇ ಆದ್ದರಿಂದ ಅಣ್ಣ. ಇವೆರಡೂ ಸಾಲದೆಂದು ಗಂಡ. ಕೆಂಪಿಯ ಮೊದಲೆರಡು ಕರುಗಳು ಎದ್ದು ನಿಲ್ಲಲಾಗದೆ ಸತ್ತಿದ್ದವು.

“ಮಗಳಿಗೆ ಗಂಡು ನೋಡೋವಾಗ ಬೆಡಗು, ಗೋತ್ರ ಬೇರೆ ಐತಾ ಅಂತ ಊರೂರು ಕೆದಕಿದ್ರಿ. ಕೆಂಪಿ ಏನು ಪಾಪ ಮಾಡಿತ್ತು?” ಎಂದಳು ಹೆಂಡತಿ ಗಂಗಾಮಣಿ.

“ನಮ್ಮ ತಳಿ ಕಣೇ! ಬೇರೆ ರಕ್ತ ಸೇರಿದ್ರೆ ಕೆಟ್ಟೋಯ್ತದೆ.”

ಇದೇ ಗಿಡ್ಡ ತಳಿಯ, ಆದರೆ ಬೇರೆ ಮನೆತನದ ಹೋರಿಯ ಇಂಜೆಕ್ಷನ್ ಕೊಡೋಣ ಎಂದ ದನದ ಡಾಕ್ಟರ್ ನಯನಾ ಅವರನ್ನು ಗೇಟಿನಲ್ಲೇ ಬೈದು ಕಳಿಸಿದ್ದರು. ಮೂರನೆಯ ಕರುವೂ ಹೋದರೆ ಎಲ್ಲ ಹಸು ಮಾರಿ ಕೊಟ್ಟಿಗೆಗೆ ಬೀಗ ಹಾಕ್ಬುಡ್ತೀನಿ ಅಂತಲೂ ಹೇಳಿದ್ದರು.

ಗಂಗಾಮಣಿಯ ತಮ್ಮ ನಟರಾಜ ಅಕ್ಕನ ಮನೆಯಲ್ಲೇ ಇದ್ದ. ಊರಲ್ಲಿ ಅವನು ಅನುಕರಿಸದ ಗಂಟಲಿಲ್ಲ. ಕೆಂಪಿ ಬೆದೆಗೆ ಬಂದ ಬೆಳಿಗ್ಗೆ ಸಕಲೇಶಪುರಕ್ಕೆ ಹೊರಟ ಭಾವ, “ಭೀಮನ್ನ ಬುಡು ಮಾರಾಯ” ಅಂದರು. ಜೀಪು ತಿರುವು ದಾಟಿದ್ದೇ ತಡ, ಅಕ್ಕ ಅವನ ಕೈಗೆ ಫೋನಿಟ್ಟಳು. ನಟರಾಜ ಮೊದಲು ಭಾವನ ಎರಡು ಕೆಮ್ಮು ಕೆಮ್ಮಿದ.

“ಡಾಕ್ಟ್ರಮ್ಮಾ, ಸುಬ್ಬಯ್ಯ ಕಣಮ್ಮಾ. ಅವತ್ತು ಬೈದದ್ದು ತಪ್ಪಾಯ್ತು. ಈಗ್ಲೇ ಬಂದು ಆ ಇಂಜೆಕ್ಷನ್ ಕೊಟ್ಬುಡಿ.”

ಡಾಕ್ಟರು ಬಂದರು, ಕೊಟ್ಟರು. ಆಮೇಲಿನ ಒಂಬತ್ತು ತಿಂಗಳು ಕೆಂಪಿ ಗರ್ಭ ಹೊತ್ತಳು, ನಟರಾಜ ಭಯ ಹೊತ್ತ. ಇದೂ ಸತ್ತರೆ ಭಾವನೆದುರು ಯಾರ ದನಿಯಲ್ಲಿ ಮಾತಾಡೋದು?

ಕೆಂಪಿ ಕರು ಹಾಕಿದ ದಿನ ಸುಬ್ಬಯ್ಯ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

“ಎದ್ರೆ ಹೇಳು ಮಾರಾಯ. ಏಳದಿದ್ರೆ ಹೇಳ್ಬೇಡ.”

ಕರು ಒಮ್ಮೆ ಮುಗ್ಗರಿಸಿತು. ಇನ್ನೊಮ್ಮೆ ಹಿಂಗಾಲೆತ್ತಿ ಮೂಗು ಊರಿತು. ಮೂರನೇ ಸಲ ನಾಲ್ಕೂ ಕಾಲ ಮೇಲೆ ತೂಗಾಡಿ ನಿಂತು, ಕೆಚ್ಚಲಿಗೆ ಗುದ್ದಿತು. ಊರವರ ಗಂಟಲೆಲ್ಲ ಬಲ್ಲ ನಟರಾಜನಿಗೆ ತನ್ನದೇ ದನಿ ಹೊರಡಲಿಲ್ಲ. ಭಾವನ ಭುಜ ಹಿಡಿದು ತಿರುಗಿಸಿದ.

ಸುಬ್ಬಯ್ಯ ನೋಡಿದರು. ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. “ನೋಡ್ದೇನೋ ಭೀಮನ ರಕ್ತಾನ!” ಎಂದು ಹೋಗಿ ಭೀಮನಿಗೆ ಒಂದಿಡೀ ಬೆಲ್ಲದಚ್ಚು ತಿನ್ನಿಸಿದರು.

ಅಷ್ಟರಲ್ಲಿ ಕರು ನೋಡಲು ಡಾಕ್ಟರೇ ಬಂದರು. “ಸುಬ್ಬಯ್ಯನವರೇ, ಫೋನಲ್ಲಿ ಎಷ್ಟು ಚೆಂದ ತಪ್ಪಾಯ್ತು ಅಂದ್ರಿ! ನೋಡಿ, ಇಂಜೆಕ್ಷನ್ ಕೆಲಸ ಮಾಡ್ತು.”

“ನಾನು? ತಪ್ಪಾಯ್ತು ಅಂದ್ನಾ? ನನ್ನ ಜನ್ಮದಲ್ಲೇ...”

ಗಂಗಾಮಣಿ ಸೆರಗು ಬಾಯಿಗೆ ಒತ್ತಿಕೊಂಡಳು. ಹುಲ್ಲಿನ ಮೆದೆಯ ಹಿಂದಿನಿಂದ ಎರಡು ಕೆಮ್ಮು ಕೇಳಿಸಿತು. “ಡಾಕ್ಟ್ರಮ್ಮಾ, ಸುಬ್ಬಯ್ಯ ಕಣಮ್ಮಾ...”

ಸುಬ್ಬಯ್ಯ ತನ್ನದೇ ದನಿ ಬಂದ ಕಡೆ ನೋಡಿದರು. ಹಾಲು ಕುಡಿಯುತ್ತಿದ್ದ ಕರುವನ್ನು ನೋಡಿದರು. ಕೊನೆಗೆ, ಮಾಡದ ಕೆಲಸಕ್ಕೆ ಬೆಲ್ಲ ಮೆಲ್ಲುತ್ತಿದ್ದ ಭೀಮನನ್ನು ನೋಡಿದರು.

“ಲೇ ಭೀಮಾ, ಬೆಲ್ಲ ಉಗಿಯೋ!”

ಎಲ್ಲರೂ ನಕ್ಕರು. ಸುಬ್ಬಯ್ಯ ಮಾತ್ರ ಕಂಬ ಹಿಡಿದುಕೊಂಡು ಎಷ್ಟು ಜೋರಾಗಿ ನಕ್ಕರೆಂದರೆ, ಕರು ಕೆಚ್ಚಲು ಬಿಟ್ಟು ತಿರುಗಿ ನೋಡಿತು.