ಪ್ಲೇಟಿನ ಕೆಳಗಿನ ನೆರಳು

“ಏ ಅಲ್ಮಾಸಬಿ, ಸೆರಗ ತಗಿಯಬೇ! ಫೋಟೋದಾಗ ಮಾರಿನ ಕಾಣವಲ್ದು. ಹೊಸಾ ಮದಲಗಿತ್ತಿ ಏನ್ ನೀ?”

ಸುಪರ್‌ವೈಜರ್ ಪುಂಡಲೀಕಪ್ಪ ಕೂಗಿದ. ಅಮ್ಮನ ಎಡಗೆನ್ನೆಯ ಹುಣ್ಣು ಎರಡು ತಿಂಗಳಾದರೂ ಮಾಯ್ದಿಲ್ಲ. ಅದಕ್ಕೆ ಬಿಸಿಲು ತಾಗಿಸಬಾರದೆಂದು ಗದಗಿನ ಡಾಕ್ಟರು ಹೇಳಿದ್ದಾರೆ. ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಳು.

ಡಂಬಳದಾಚೆಗಿನ ಈ ಸೋಲಾರ್ ಹೊಲದಲ್ಲಿ ನಸುಕಿಗೇ ನಾವು ಪ್ಲೇಟು ತೊಳೆಯುತ್ತೇವೆ. ಕಾದ ಗಾಜಿಗೆ ನೀರು ಬಿದ್ದರೆ ಬಿರಿಯುತ್ತದೆಂದು ಒಂಬತ್ತಕ್ಕೆ ನಿಲ್ಲಿಸುತ್ತಾರೆ. ಆಮೇಲೆ ಸಂಜೆವರೆಗೆ ಸಾಲುಗಳ ನಡುವಿನ ಕಸ ಕೀಳಬೇಕು. ನಾವು ಬಿರಿಯುವುದಿಲ್ಲವಲ್ಲ. ಪ್ಲೇಟಿನ ಕೆಳಗೆ ಕೂರುವಂತಿಲ್ಲ. ಕೂತರೆ ಕೆಲಸ ಹೋಯಿತು.

ಇವತ್ತು ಕಂಪನಿಯ ಆರೋಗ್ಯ ಶಿಬಿರ. ಸಾಹೇಬರು ಶಾಮಿಯಾನದಡಿ, ನಾವು ಹೊರಗೆ.

“ತಸ್ಲೀಮ, ಬಿ.ಎ. ಓದೀಯಲ್ಲ, ಇದನ್ನ ಜೋರಾಗಿ ಓದು. ವಿಡಿಯೋ ಮಾಡ್ತಾರ,” ಪುಂಡಲೀಕಪ್ಪ ನನ್ನ ಕೈಗೆ ಕರಪತ್ರ ತುರುಕಿದ. ನಾಲ್ಕು ಜನರೆದುರು ನನ್ನ ಬಾಯಿ ಒಣಗುತ್ತದೆ.

“ಬೆಳಗಿನ ಎಳೆಬಿಸಿಲು ಮೈಗೆ ಒಳ್ಳೆಯದು. ಅದನ್ನು ಆನಂದಿಸಿ.”

“ಆ ಹೊತ್ತಿನ್ಯಾಗ ಈ ಭಾಡ್ಯಾನ ಪ್ಲೇಟಿನ ಮಾರಿ ತೊಳೀತಿರ್ತೀವಲ್ಲ,” ಪಕ್ಕದಲ್ಲಿದ್ದ ಸಾವಂತ್ರೆವ್ವ ಗೊಣಗಿದಳು. ಹೆಂಗಸರು ಕಿಸಕ್ಕೆಂದರು.

“ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ನಿಲ್ಲಬೇಡಿ. ಮುಖ ಮುಚ್ಚಿಕೊಳ್ಳಿ. ನೆರಳು ಹುಡುಕಿಕೊಳ್ಳಿ.”

ಹನ್ನೆರಡೂವರೆಯಾಗಿತ್ತು.

ಪುಂಡಲೀಕಪ್ಪ ದಡದಡ ಬಂದವನೇ ಅಮ್ಮನ ಸೆರಗು ಜಗ್ಗಿದ. ಹುಣ್ಣಿಗೆ ಅಂಟಿದ್ದ ಬಟ್ಟೆ ಹಕ್ಕಳೆಯನ್ನೂ ಕಿತ್ತುಕೊಂಡು ಬಂತು. ಕ್ಯಾಮೆರಾದವನು, “ಬೇ ಯಮ್ಮಾ, ಚೂರು ನಗು,” ಎಂದ.

ಅಮ್ಮ ಸಾಲು ಬಿಟ್ಟು ನಡೆದಳು. ಮೊಣಕಾಲೂರಿ, ಪ್ಲೇಟಿನ ಕೆಳಗೆ ತೆವಳಿ, ಮಲಗಿಬಿಟ್ಟಳು.

“ಏಳಬೇ! ನಾಳಿಂದ ತಾಯಿ-ಮಗಳು ಇಬ್ರೂ ಬರಬ್ಯಾಡ್ರಿ ಮತ್ತ!”

“ನನ್ನ ಮಗಳು ಓದಿದ್ದನ್ನ ಮಾಡಾಕತ್ತೀನ್ರಿ ಸಾಹೇಬ್ರ,” ಒಳಗಿನಿಂದ ಅವಳ ದನಿ ಬಂತು.

ಪುಂಡಲೀಕಪ್ಪ ಬಗ್ಗಿ ಅವಳ ಎರಡೂ ಕಾಲು ಹಿಡಿದು ಎಳೆದ. ಅಮ್ಮ ಕಬ್ಬಿಣದ ಕಂಬವನ್ನು ತಬ್ಬಿಕೊಂಡಳು. ಸಾವಂತ್ರೆವ್ವ ನನ್ನ ಕಡೆ ನೋಡಿದಳು. ಎಲ್ಲರೂ ನೋಡಿದರು. ನಾನು ಓಡಬೇಕಿತ್ತು, ಅವನ ಕೈ ಕಿತ್ತೆಸೆಯಬೇಕಿತ್ತು. ಕ್ಯಾಮೆರಾ ಇನ್ನೂ ನನ್ನತ್ತಲೇ ಇತ್ತು. “ಮುಂದ ಓದ್ರಿ,” ಎಂದ ಕ್ಯಾಮೆರಾದವನು.

“ಆಗಾಗ ನೀರು ಕುಡಿಯಿರಿ,” ಎಂದು ಓದಿದೆ.

ಅಮ್ಮ ಮೊಣಕಾಲಿನವರೆಗೆ ಬಿಸಿಲಿಗೆ ಬಂದಿದ್ದಳು. ಕಂಬ ಬಿಟ್ಟಿರಲಿಲ್ಲ.