ಹುರುಳಿ ಕಟ್ಟು

ಚಟ್ಟಕ್ಕೆ ಬಿದಿರು ಸೀಳುವವರಿಗೆ ಜಾಗ ಬೇಕೆಂದು ಭೀಮರಾಜ ಹೋರಿಯ ಹಗ್ಗ ಹಿಡಿದು ಎಳೆದ. ಅದು ನಾಲ್ಕೂ ಕಾಲೂರಿ ನಿಂತಿತು. ಅದರ ಮುಂದೆ ನಿನ್ನೆ ಹಾಕಿದ ಹುಲ್ಲು ಹಾಗೇ ಬಿದ್ದಿತ್ತು.

"ಅತ್ತೆ, ಇದನ್ನ ಇವತ್ತೇ ಕಳಿಸ್ಬಿಡೋಣ. ಬೂದಿಗೆರೆಯೋರು ಕೇಳ್ತಾವ್ರೆ. ಮಾವ ಇಲ್ದೆ ಇದನ್ನ ಯಾರು ನೋಡ್ಕೊಳ್ತಾರೆ?"

ಅಂಗಳದಲ್ಲಿ ಮಲಗಿಸಿದ್ದ ಗಂಡ ಬೈಲಪ್ಪನ ತಲೆಯ ಬಳಿ ಕೂತಿದ್ದ ಸಪ್ಪಲಮ್ಮ ಹೋರಿಯತ್ತ ನೋಡಿದಳು. ಅವನು ಸಾಕಿದ ಬಿತ್ತನೆ ಹೋರಿಗಳಲ್ಲಿ ಇದೇ ಕೊನೆಯದು. ಸುತ್ತಲ ಊರುಗಳ ಹಸುಗಳು ಬೆದೆಗೆ ಬರುವ ಕಾಲ ಹತ್ತಿರವಾಗಿತ್ತು. ಹುರುಳಿ ತಿನ್ನಿಸಿ, ಮೈ ಉಜ್ಜಿ, ಕೆರೆ ಏರಿಯ ಮೇಲೆ ನಡೆಸಿ ಹದಕ್ಕೆ ತಂದಿದ್ದ. ಅವನಾಡಿದ ಮಾತೆಲ್ಲ ಹೋರಿಗಳ ಕಿವಿಗೇ ಹೋಗಿತ್ತು. ಕಳಿಸಿಬಿಡು ಎನ್ನಲು ಅವಳಿಗೆ ಬಾಯಿ ತೆರೆಯುವುದಷ್ಟೇ ಬಾಕಿ.

*

ದಿನವೂ ಬೆಳಗಾಗುವ ಮೊದಲೇ ಎದ್ದು ಬೈಲಪ್ಪ ಹಿತ್ತಲ ಒಲೆಯಲ್ಲಿ ಹುರುಳಿ ಬೇಯಿಸುತ್ತಿದ್ದ. ಬೆಂದ ಮೇಲೆ ಪಾತ್ರೆ ಬಗ್ಗಿಸಿ, ಕಟ್ಟನ್ನು ಚೆಂಬಿಗೆ ಬಸಿದು ಅಡುಗೆಮನೆಯ ಹೊಸ್ತಿಲ ಮೇಲಿಡುತ್ತಿದ್ದ. ಅವಳು ಅದರಲ್ಲಿ ಸಾರು ಮಾಡುತ್ತಿದ್ದಳು.

"ಕಾಳೆಲ್ಲಾ ಅದಕ್ಕೆ, ಬಸಿದ ನೀರು ನಂಗೆ," ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಅಂದಿದ್ದಳು.

ಅವನು ನಕ್ಕು ಹೋರಿಯ ಕೊರಳಡಿ ಜೋಲುವ ಗಂಗೆದೊಗಲು ತುರಿಸಿದ್ದ. ಅವಳು ಮತ್ತೆಂದೂ ಆ ಮಾತೆತ್ತಲಿಲ್ಲ.

*

ಪಕ್ಕದೂರಲ್ಲಿ ಹೋರಿ ಸಾಕುವ ಮುನಿಶಾಮಪ್ಪ ಹೂವಿನ ಹಾರದ ಜೊತೆಗೆ ಒಂದು ಬಕೆಟ್ಟನ್ನೂ ತಂದಿದ್ದ.

"ಹೆಣ ಇರೋ ಮನೇಲಿ ಒಲೆ ಹಚ್ಚಂಗಿಲ್ವಲ್ಲಮ್ಮ. ಅದಕ್ಕೇ ನಮ್ಮನೇಲೇ ಬೇಯಿಸ್ಕೊಂಡು ಬಂದೆ. ಮೂಕ ಪ್ರಾಣಿ, ಪಾಪ."

ಸಪ್ಪಲಮ್ಮ ಎದ್ದು ಬಂದು ಬಗ್ಗಿ ನೋಡಿದಳು. ಹುರುಳಿ ಕಟ್ಟಿನಲ್ಲೇ ಮುಳುಗಿತ್ತು.

"ಬಸಿದೇ ಇಲ್ವಲ್ಲಣ್ಣ?"

"ಹೋರಿಗೆ ಹಾಕೋದನ್ನ ಯಾರಾದ್ರೂ ಬಸೀತಾರಾ? ಕಸುವು ಇರೋದೇ ಕಟ್ಟಲ್ಲಿ! ನಿನ್ ಗಂಡ ಒಬ್ನೇ ಬಸೀತಿದ್ದ ಪೆದ್ದ. ನಿನ್ ಹೋರಿ ಸೊರಗುತ್ತೆ ಕಣೋ ಅಂತ ಎಷ್ಟ್ ಬೈದಿದೀನಿ. 'ಸೊರಗ್ಲಿ ಬಿಡ್ಲಾ, ಅವ್ಳಿಗೆ ಕಟ್ಟಿನ ಸಾರಂದ್ರೆ ಪ್ರಾಣ' ಅನ್ನೋನು. ಯಾಕೆ, ನಿಂಗೆ ಹೇಳಿರ್ಲಿಲ್ವಾ?"

ಸಪ್ಪಲಮ್ಮ ಅಂಗಳದತ್ತ ತಿರುಗಿದಳು. ಬಾಯಿ ತೆರೆಯದಂತೆ ಬೈಲಪ್ಪನ ಗದ್ದಕ್ಕೆ ಬಿಳಿ ಬಟ್ಟೆ ಬಿಗಿದಿದ್ದರು.

"ಇಲ್ಲ," ಎಂದಳು.

ಭೀಮರಾಜ ಫೋನು ಹಿಡಿದು ಬಂದ. "ಅತ್ತೆ, ಬೂದಿಗೆರೆಯೋರು ಲೈನಲ್ಲವ್ರೆ. ಏನಂತ ಹೇಳ್ಲಿ?"

"ಕೊಡಲ್ಲ ಅನ್ನಪ್ಪ. ಅದು ಇಲ್ಲೇ ಇರ್ಲಿ."

ಅವಳು ಬಕೆಟ್ಟನ್ನು ಹೋರಿಯ ಮುಂದಿಟ್ಟು ಕುಕ್ಕರಗಾಲಲ್ಲಿ ಕೂತಳು. ಅದು ಮೊದಲು ಅವಳ ಕೈ ಮೂಸಿತು, ಇನ್ನೇನು ಒಡೆಯಬೇಕಿದ್ದ ಹಸಿರು ಬಳೆಗಳನ್ನು ಮೂಸಿತು. ಆಮೇಲೆ ಮೂತಿ ಇಳಿಸಿತು. ಕಾಳನ್ನು ಪಕ್ಕಕ್ಕೆ ತಳ್ಳಿ, ಈವರೆಗೆ ಕಾಣದ ಕಟ್ಟನ್ನು ಸೊರಸೊರ ಹೀರತೊಡಗಿತು.

ಹೊರಗೆ ತಮಟೆ ಶುರುವಾಯಿತು. ಯಾರೋ ಅವಳ ಹೆಸರು ಹಿಡಿದು ಕೂಗಿದರು.

ತಳದಲ್ಲಿದ್ದದ್ದೂ ಅದಕ್ಕೆ ಸಿಗಲೆಂದು ಸಪ್ಪಲಮ್ಮ ಎರಡೂ ಕೈಯಲ್ಲಿ ಬಕೆಟ್ಟನ್ನು ಬಗ್ಗಿಸಿ ಹಿಡಿದಳು.