ಏಳು ಗುಡ್ಡದಷ್ಟು ಬೆಂದ ಕಾಳು

ಅಜ್ಜಿಯ ಅಡುಗೆಗೆ ಗಡಿಯಾರ ಬೇಕಿರಲಿಲ್ಲ, ಕಥೆ ಬೇಕಿತ್ತು. ಗೆಡ್ಡೆ ಬೇಯುವುದಕ್ಕೆ ಮೊಲ ಮತ್ತು ಮುದುಕಿಯ ಪುಟ್ಟ ಕಥೆ ಸಾಕಾಗುತ್ತಿತ್ತು. ಸೊಪ್ಪಿಗೆ ಕಥೆಯೂ ಬೇಡ, ಒಂದು ಒಗಟು ಹಾಕಿ ಉತ್ತರ ಬರುವಷ್ಟರಲ್ಲಿ ಅದು ಬಾಡಿ ತಳಕ್ಕೆ ಕೂತಿರುತ್ತಿತ್ತು. ಒಣಕಾಳಿಗೆ ಮಾತ್ರ ಎಲ್ಲಕ್ಕಿಂತ ಉದ್ದದ ಕಥೆ: ಕಾಣೆಯಾದ ಅಣ್ಣನನ್ನು ಹುಡುಕಿ, ಉರಿಯುವ ದೀಪ ಹಿಡಿದು ಏಳು ಗುಡ್ಡ ಹತ್ತಿ ಹೋದ ಕುಂಬಾರರ ಹುಡುಗಿಯದು. ಹುಡುಗಿ ಮೂರನೇ ಗುಡ್ಡ ದಾಟುವವರೆಗೆ ಪಾತ್ರೆ ಒಲೆಯ ಮೇಲೆ. ಅಲ್ಲಿಂದ ಮುಂದೆ ಗ್ಯಾಸು ಬಂದ್. ಕುದಿಯುವ ಪಾತ್ರೆಯನ್ನು ಮುಚ್ಚಳದ ಸಮೇತ ತಾತನ ಹಳೆಯ ಉಣ್ಣೆಕೋಟಿನಲ್ಲಿ ಸುತ್ತಿ, ಮೇಲೊಂದು ಕಂಬಳಿ ಹೊದಿಸಿ, ಕೂಸನ್ನು ಮಲಗಿಸುವ ಹಾಗೆ ಮರದ ಪೆಟ್ಟಿಗೆಯಲ್ಲಿ ಇಡುವುದು. ಉಳಿದ ನಾಲ್ಕು ಗುಡ್ಡಗಳನ್ನು ಕಾಳು ತನ್ನ ಬಿಸಿಯಲ್ಲೇ ಹತ್ತಿ ಇಳಿಯುತ್ತಿತ್ತು. ಏಳನೇ ಗುಡ್ಡದ ನೆತ್ತಿಯ ಮೇಲೆ ಹುಡುಗಿ ಬಾಗಿಲು ತಟ್ಟಿದಳೆಂದರೆ ಪೆಟ್ಟಿಗೆ ತೆರೆಯಬಹುದು.

ಮೂರನೇ ಮಹಡಿಯ ಎರಡು ಕೋಣೆಯ ಮನೆ ಅದು. ಅಜ್ಜಿ, ಅಮ್ಮ, ಮಗಳು, ಮೂವರೇ. ಕೈ ಎಷ್ಟೇ ಬಿಗಿಯಾಗಿರಲಿ, ಆ ಮನೆಯಲ್ಲಿ ಊಟಕ್ಕೆ ಬಡತನ ಬಂದದ್ದಿಲ್ಲ. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ ಸೊಟ್ಟ ಕ್ಯಾರೆಟ್ಟು, ಒಡೆದ ಗೆಡ್ಡೆ, ಹೂಕೋಸಿನ ದಂಟು ಎಲ್ಲವನ್ನೂ ಅಜ್ಜಿ ಅಕ್ಕರೆಯಿಂದ ಆರಿಸಿ ತರುತ್ತಿದ್ದಳು. ಪೆಟ್ಟಿಗೆ ತೆರೆದಾಗ ಏಳುತ್ತಿದ್ದ ಹಬೆಗೆ ಪಕ್ಕದ ಮನೆಯವರು ಕೂಡ ಸುಮ್ಮನೆ ಏನಾದರೂ ಕೇಳುವ ನೆಪ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಕಳೆದ ಚಳಿಗಾಲದ ಕೊನೆಗೆ ಅಜ್ಜಿ ಹೋದಳು. ಅವಳ ಹಿಂದೆಯೇ ಅಮ್ಮನ ಹಸಿವೂ ಎದ್ದು ಹೋಯಿತು.

ಅಮ್ಮ ಕೈಗವಸಿನ ಕಾರ್ಖಾನೆಯಲ್ಲಿ ಹೆಬ್ಬೆರಳು ಹೊಲಿಯುವವಳು. ಉಳಿದ ನಾಲ್ಕು ಬೆರಳು ಬೇರೆಯವರ ಪಾಲು. "ಈ ಊರಲ್ಲಿ ಯಾರು ಯಾರಿಗೆ ಹೆಬ್ಬೆಟ್ಟು ತೋರಿಸಿದ್ರೂ ಅದು ನಂದೇ" ಎಂದು ಮೊದಲೆಲ್ಲ ನಗುತ್ತಿದ್ದಳು. ಈಗ ಕಾರ್ಖಾನೆ ವಾರಕ್ಕೆ ಮೂರೇ ದಿನ ತೆರೆಯುತ್ತಿತ್ತು, ಅಲ್ಲಿನ ಕ್ಯಾಂಟೀನಿನ ಊಟವೂ ನಿಂತಿತ್ತು. ಮನೆಯಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತು ಬ್ರೆಡ್ಡಿನ ಚೂರನ್ನು ಚಹಾದಲ್ಲಿ ಅದ್ದುತ್ತಿದ್ದಳು. ಅಷ್ಟೇ ಊಟ. ಅವಳ ಸಡಿಲಾದ ಅಂಗಿಯ ಸೊಂಟಕ್ಕೆ ಒಂದು ಪಿನ್ನು ಬಂತು. ತಿಂಗಳು ಕಳೆಯುವುದರೊಳಗೆ ಅದರ ಪಕ್ಕಕ್ಕೆ ಇನ್ನೊಂದು.

ಆ ಎರಡನೇ ಪಿನ್ನನ್ನು ನೋಡಿದ ದಿನ ಮಗಳು ಒಂದು ಆಸೆ ಕಟ್ಟಿಕೊಂಡಳು. ಹೊಸ ಬಟ್ಟೆ ಬೇಡ, ದೊಡ್ಡ ಮನೆ ಬೇಡ. ಅಮ್ಮ ಒಂದು ಸಲ, ಒಂದೇ ಒಂದು ಸಲ, ತಟ್ಟೆ ಮುಂದೆ ಚಾಚಿ "ಇನ್ನೊಂದು ಸೌಟು ಹಾಕು" ಅನ್ನಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ. ಅದಕ್ಕೆ ಅಜ್ಜಿಯ ಕಾಳಲ್ಲದೆ ಬೇರೆ ಮದ್ದಿಲ್ಲ ಎಂದು ಅವಳು ನಂಬಿದಳು.

ಹಿಂದಿನ ದಿನವೇ ಕಾಳು ನೆನೆಹಾಕಿದಳು. ರಜೆಯ ಮಧ್ಯಾಹ್ನ ಒಲೆ ಹಚ್ಚಿ, ಪಾತ್ರೆಯ ಮುಂದೆ ಮಣೆ ಹಾಕಿಕೊಂಡು ಕೂತು, ಮನಸ್ಸಿನಲ್ಲೇ ಕಥೆ ಶುರುಮಾಡಿದಳು. ಕುಂಬಾರರ ಹುಡುಗಿ ಗುಡ್ಡ ಹತ್ತಿದಳು, ಇಳಿದಳು. ಮೂರನೇ ಗುಡ್ಡಕ್ಕೆ ಪಾತ್ರೆ ಇಳಿಸಿ ಕೋಟಿನಲ್ಲಿ ಸುತ್ತಿದ್ದಾಯಿತು. ಏಳನೆಯದಕ್ಕೆ ಬಾಗಿಲು ತಟ್ಟಿದ್ದೂ ಆಯಿತು. ಒಂದು ಮಾತೂ ಮರೆತಿರಲಿಲ್ಲ.

ಅಮ್ಮ ಒಂದು ಚಮಚ ಬಾಯಿಗಿಟ್ಟಳು. ಕಟಕ್ ಎಂದಿತು.

"ಏನೇ ಇದು, ಕಾಳೋ ಕಲ್ಲೋ? ಹಲ್ಲು ಮುರಿದ್ರೆ ಕಟ್ಟಿಸಿಕೊಡ್ತೀಯಾ?"

"ಸ್ವಲ್ಪ ಗಟ್ಟಿ ಇದೆ ಅಷ್ಟೇ, ಅಗಿದ್ರೆ ಆಗುತ್ತಮ್ಮಾ."

"ಅಗಿಯೋಕೆ ನಾನೇನು ಕುದುರೇನಾ?" ಎಂದು ಅಮ್ಮ ತಟ್ಟೆ ಸರಿಸಿ ಚಹಾಕ್ಕೆ ನೀರಿಟ್ಟಳು.

ಮುಂದಿನ ವಾರ ಮಗಳು ಪಾತ್ರೆಯನ್ನು ಒಲೆಯಿಂದ ಇಳಿಸುವ ಗೋಜಿಗೇ ಹೋಗಲಿಲ್ಲ. ಕಥೆಯನ್ನು ಮನಸ್ಸಿನಲ್ಲೇ ಎರಡು ಸಲ, ಮೂರು ಸಲ ಓಡಿಸಿದಳು. ಹುಡುಗಿಯ ದೀಪ, ಗುಡ್ಡದ ಗಾಳಿ, ಕಣಿವೆಯ ಮಂಜು ಎಂದು ಕನಸಿನಲ್ಲಿ ತೇಲುತ್ತಿದ್ದವಳಿಗೆ ಮೂಗಿಗೆ ಹೊಗೆ ಬಡಿದಾಗಲೇ ಎಚ್ಚರ. ತಳ ಹಿಡಿದು ಕರಿಯಾಗಿತ್ತು. ಮೇಲಿನದು ಗೋಂದಿನಂತೆ ಕಲಸಿಹೋಗಿತ್ತು.

ಅಮ್ಮ ಈ ಸಲ ತಮಾಷೆ ಮಾಡಲಿಲ್ಲ. ಪಾತ್ರೆಯ ತಳ ಕೆರೆಯುತ್ತಾ ಮೆಲ್ಲಗೆ ಹೇಳಿದಳು, "ಸಾಕು ಬಿಡು ಮಗಳೇ. ಇಷ್ಟು ಗ್ಯಾಸು ಸುಟ್ಟು ಇಷ್ಟು ಕಾಳು ಹಾಳು ಮಾಡೋ ಸ್ಥಿತೀಲಿ ನಾವಿಲ್ಲ. ಇಬ್ಬರಿಗೆ ಬ್ರೆಡ್ಡೇ ಸಾಕು. ಚಹಾ ಕಾಯಿಸೋಕೆ ಚಿಕ್ಕ ಒಲೆ ಇದೆಯಲ್ಲ. ಈ ದೊಡ್ಡ ಒಲೆ, ಪಾತ್ರೆ ಎರಡನ್ನೂ ಕೆಳಗಿನ ಇಸ್ತ್ರಿಯವಳು ಕೇಳ್ತಿದ್ದಾಳೆ. ಮುಂದಿನ ಭಾನುವಾರ ಬಂದು ತಗೊಂಡು ಹೋಗು ಅಂದಿದೀನಿ."

"ಅವಳಿಗ್ಯಾಕೆ ಪಾತ್ರೆ?"

"ಅಂಗಿಗಳಿಗೆ ಗಂಜಿ ಹಾಕೋಕೆ."

ಅಜ್ಜಿಯ ಪಾತ್ರೆಯಲ್ಲಿ ಯಾರದೋ ಕಾಲರಿನ ಗಂಜಿ.

ಅವಳು ಕೆಲಸ ಮಾಡುತ್ತಿದ್ದುದು ಪುಸ್ತಕ ಕಟ್ಟುವ ಅಂಗಡಿಯಲ್ಲಿ. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಪುಟದ ಅಳತೆಗೆ ಮಡಿಸುವುದು ಅವಳ ಕೆಲಸ, ಮಡಿಸಿದ್ದನ್ನು ಹೊಲಿಯುವುದು ಸೂಜಿಯಕ್ಕನದು. ಆ ವಾರ ಶಾಲೆಯ ಭೂಪಟಗಳು ಬಂದಿದ್ದವು. ಸಮುದ್ರಗಳನ್ನು ನಾಲ್ಕಾಗಿ ಮಡಿಸುತ್ತಾ ಎಲ್ಲಿಯೋ ದಿಟ್ಟಿಸುವ ಈ ಹುಡುಗಿಗೆ ಸೂಜಿಯಕ್ಕ ಇಟ್ಟ ಹೆಸರು ಗಾಳಿಗೋಪುರ.

"ಏನೇ ಗಾಳಿಗೋಪುರ, ಇವತ್ತು ಮುಖ ಯಾಕೆ ಹೀಗೆ ಸಪ್ಪಗಾಗಿದೆ? ಯಾವ ರಾಜಕುಮಾರ ಕೈಕೊಟ್ಟ?"

"ಕಾಳು ಕೈಕೊಡ್ತು ಅಕ್ಕಾ."

ಹೇಳುವ ಮನಸ್ಸಿರಲಿಲ್ಲ, ಆದರೂ ಹೇಳಿದಳು. ಅಜ್ಜಿ, ಕಥೆ, ಕೋಟು, ಪೆಟ್ಟಿಗೆ, ಎಲ್ಲ. ಸೂಜಿಯಕ್ಕ ಹಲ್ಲಲ್ಲಿ ದಾರ ಕಡಿದು, "ಅದ್ಯಾವ ಕಥೆ, ಹೇಳು ನೋಡೋಣ" ಎಂದಳು.

ಆಗ ತಾನೇ ಬೆಳಗಿನ ಚಹಾದ ಗಂಟೆ ಹೊಡೆದಿತ್ತು. ಮಗಳು ಮಡಿಸುತ್ತಲೇ ಶುರುಮಾಡಿದಳು. ಮೊದಲ ವಾಕ್ಯ ಮುಗಿಯುವ ಮುನ್ನವೇ ಸೂಜಿಯಕ್ಕ "ಹೂಂ" ಎಂದಳು. ಆಮೇಲೆ, "ಕಾಲಿಗೆ ಚಪ್ಪಲಿ ಇತ್ತಾ ಅವಳಿಗೆ?" ಮಗಳು ಯೋಚಿಸಿ, ಇರಲಿಲ್ಲ ಎಂದಳು. "ಅಯ್ಯೋ, ಕಲ್ಲುಗುಡ್ಡ ಅಂತೀಯ, ಕಾಲು ಏನಾಗಬೇಡ!" ಸರಿ, ಕಥೆ ಅಲ್ಲಿ ನಿಂತು ಕಾಲಿಗೆ ಎಲೆ ಕಟ್ಟಿಕೊಂಡಿತು. ಅತ್ತಕಡೆಯಿಂದ ರಟ್ಟಿಗೆ ಗೋಂದು ಹಚ್ಚುವವಳೂ ಕುರ್ಚಿ ಎಳೆದುಕೊಂಡು ಬಂದು, "ದೀಪಕ್ಕೆ ಎಣ್ಣೆ ಯಾರು ಕೊಟ್ರು?" ಎಂದಳು. ಒಂದು ಹೂಂ, ಒಂದು ಅಯ್ಯೋ, ಒಂದು ಆಮೇಲೆ. ಹೀಗೆ ನಡೆದ ಕುಂಬಾರರ ಹುಡುಗಿ ಮೂರನೇ ಗುಡ್ಡ ಇಳಿಯುವಷ್ಟರಲ್ಲಿ ಮಡಿಸಿದ ಭೂಪಟಗಳು ಮೇಜಿನ ಮೇಲೆ ಎದೆಯೆತ್ತರ ಬೆಳೆದಿದ್ದವು. ಊಟದ ಗಂಟೆ ಹೊಡೆದಾಗ ಅವಳಿನ್ನೂ ಐದನೆಯದರ ಬುಡದಲ್ಲಿದ್ದಳು.

ಮಡಿಸುತ್ತಿದ್ದ ಮಗಳ ಕೈ ಅಲ್ಲೇ ನಿಂತಿತು.

"ಅಕ್ಕಾ! ನಾನು ಈ ಕಥೇನ ಮನಸ್ಸಲ್ಲೇ ಹೇಳ್ಕೊಂಡು ಬೇಯಿಸ್ತಿದ್ದೆ."

"ಮನಸ್ಸಲ್ಲಿ ಹೇಳ್ಕೊಂಡ್ರೆ ಅದು ರೈಲು ಹೋದ ಹಾಗೆ ಹೋಗುತ್ತೆ ಕಣೇ ಪೆದ್ದಿ. ಯಾರೂ ಚಪ್ಪಲಿ ಕೇಳಲ್ಲ, ಎಣ್ಣೆ ಕೇಳಲ್ಲ. ನಿಮ್ಮಜ್ಜಿಗೆ ಹೂಂಗುಡೋಕೆ ಯಾರಿದ್ರು?"

"ನಾನು."

"ನಿನಗ್ಯಾರಿದಾರೆ?"

ಆ ಪ್ರಶ್ನೆಯನ್ನು ಮಗಳು ಮನೆಯವರೆಗೂ ಹೊತ್ತುಕೊಂಡು ಹೋದಳು. ದಾರಿಯುದ್ದಕ್ಕೂ ಅವಳಿಗೆ ತನ್ನ ಐದು ವರ್ಷದ ಬೆನ್ನು ನೆನಪಾಯಿತು. ಕೋಟು ಸುತ್ತಿದ ಪಾತ್ರೆಯ ಪೆಟ್ಟಿಗೆಗೆ ಒರಗಿ ಕೂತ ಬೆನ್ನು. ಉಣ್ಣೆಯೊಳಗಿಂದ ನಿಧಾನಕ್ಕೆ ಬರುತ್ತಿದ್ದ ಬಿಸಿ. ಎದುರಿಗೆ ಅಜ್ಜಿ, ಮಡಿಲಲ್ಲಿ ಹೊಲಿಗೆ. ಹೂಂ ಅನ್ನುವುದು ಮರೆತರೆ ಅಜ್ಜಿ ಕಥೆಯನ್ನು ಅಲ್ಲೇ ನಿಲ್ಲಿಸಿ, "ಎಲ್ಲಿ ಹೋದ್ಯೇ?" ಎಂದು ಕಾಲಿನ ಹೆಬ್ಬೆರಳು ಜಗ್ಗುತ್ತಿದ್ದಳು. ಈಗ ಯಾರಾದರೂ ಒಂದು ಸಲ ಹಾಗೆ ಜಗ್ಗಿದರೆ ಸಾಕು ಅನ್ನಿಸಿತು.

ಭಾನುವಾರ ಬಂತು. ಮಧ್ಯಾಹ್ನದ ಬಿಸಿಲು ಅಡುಗೆಕೋಣೆಯ ನೆಲದ ಮೇಲೆ ಬಿದ್ದಿತ್ತು. ಅಮ್ಮ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇಸ್ತ್ರಿಯವಳು ಸಂಜೆಗೆ ಬರುವವಳಿದ್ದಳು.

"ಅಮ್ಮಾ, ಎದ್ದು ಬಾ. ನಾನು ಕಥೆ ಹೇಳ್ತೀನಿ, ನೀನು ಹೂಂಗುಡು."

"ನಂಗೆ ಕಥೆ ಬೇಡ ಕಣೇ." ಗೋಡೆಯಿಂದ ಮುಖ ತಿರುಗಿಸದೆ, "ಅವಳ ಕಥೆಗಳಂತೂ ಬೇಡವೇ ಬೇಡ."

"ಕೇಳೋದೂ ಬೇಡ. ಸುಮ್ನೆ ಹೂಂ ಅನ್ನು. ಇದೊಂದು ಸಲ. ಆಗಲಿಲ್ಲ ಅಂದ್ರೆ ಒಲೇನ ನಾನೇ ಹೊತ್ಕೊಂಡು ಹೋಗಿ ಇಸ್ತ್ರಿಯವಳ ಮನೇಲಿಟ್ಟು ಬರ್ತೀನಿ."

ಅಮ್ಮ ಎದ್ದು ಬಂದು ಬಾಗಿಲ ಹೊಸ್ತಿಲ ಮೇಲೆ ಕೂತಳು. ಮುಖದಲ್ಲಿ ಗೆಲುವಿರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗಿತ್ತು ಕೂತ ರೀತಿ.

ಒಲೆ ಹೊತ್ತಿತು. ಕಥೆ ಹೊರಟಿತು. ಮೊದಲ ಗುಡ್ಡದಲ್ಲಿ ಅಮ್ಮನ ಹೂಂ ಬಾಡಿದ ಸೊಪ್ಪಿನ ಹಾಗಿತ್ತು, ಇದ್ದೂ ಇಲ್ಲದಂತೆ. ಎರಡನೆಯದರಲ್ಲಿ ಮಗಳು ಹೇಳಿದಳು, "ಅಲ್ಲೊಂದು ಆನೆ ಅಡ್ಡ ನಿಂತಿತ್ತು."

"ಆನೆ ಅಲ್ಲಿ ಬರಲ್ಲ."

"ಬರುತ್ತಮ್ಮಾ."

"ಬರಲ್ಲ ಅಂದ್ರೆ ಬರಲ್ಲ. ಮೊದಲು ಹೊಳೆ. ಹೊಳೆ ದಾಟುವಾಗ ದೀಪ ಆರಬಾರದು ಅಂತ ತಲೆ ಮೇಲೆ ಇಟ್ಕೊಂಡು ಈಜ್ತಾಳೆ. ಆ ದಡದಲ್ಲಿ ಆನೆ. ಹೊಳೆ ಹೇಳಿಲ್ವಾ ನಿಂಗೆ?"

"ಇಲ್ವಲ್ಲ!"

"ಓಹೋ. ನಿನ್ನ ಕಾಲಕ್ಕೆ ಮುದುಕಿಗೆ ಸುಸ್ತು, ಹೊಳೇನೇ ನುಂಗಿಬಿಟ್ಟಿದ್ದಾಳೆ" ಎಂದು ಅಮ್ಮ ಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಲ್ಲಿಂದ ಕಥೆ ಅಮ್ಮನದಾಯಿತು, ಹೂಂ ಮಗಳದಾಯಿತು. ಮೂರನೇ ಗುಡ್ಡ ದಾಟಿದ್ದೇ ತಡ ಇಬ್ಬರೂ ಒಟ್ಟಿಗೇ ಎದ್ದು, ಒಬ್ಬಳು ಗ್ಯಾಸು ಆರಿಸಿ, ಒಬ್ಬಳು ಕೋಟು ಹಾಸಿದಳು. ಪಾತ್ರೆಯನ್ನು ಪೆಟ್ಟಿಗೆಯಲ್ಲಿಟ್ಟಿದ್ದೇ ಅಮ್ಮ, ಯಾರೂ ಹೇಳದೆ, ನೆಲಕ್ಕೆ ಕೂತು ಬೆನ್ನನ್ನು ಅದಕ್ಕೆ ಒರಗಿಸಿಬಿಟ್ಟಳು. ಕಣ್ಣು ಮುಚ್ಚಿದಳು. ಕಥೆ ಅಲ್ಲೇ ನಿಂತಿತು.

ಮಗಳು ಅವಳ ಕಾಲಿನ ಹೆಬ್ಬೆರಳು ಜಗ್ಗಿದಳು. "ಎಲ್ಲಿ ಹೋದ್ಯಮ್ಮಾ? ನಾಲ್ಕನೇ ಗುಡ್ಡ."

ಐದನೇ ಗುಡ್ಡದಲ್ಲಿ ಇಸ್ತ್ರಿಯವಳು ಬಂದಳು. ಗಟ್ಟಿ ತೋಳಿನ, ಗಟ್ಟಿ ದನಿಯ ಹೆಂಗಸು. "ಎಲ್ಲಿ ಅಕ್ಕಾ, ಒಲೆ ರೆಡಿ ಇದೆಯಾ?" ಎಂದು ಬಾಗಿಲಲ್ಲೇ ಕೂಗಿದಳು. ಅಮ್ಮ ಬಾಯಿಗೆ ಬೆರಳಿಟ್ಟು, ಕೂರು ಎಂದು ಕೈಸನ್ನೆ ಮಾಡಿದಳು. ಬೆಪ್ಪಾಗಿ ಕೂತವಳು ಆರನೇ ಗುಡ್ಡದ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ಹೂಂಗುಡುತ್ತಿದ್ದಳು. "ಇಲ್ಲೀವರೆಗೂ ಜೊತೆಗೆ ಬಂದ ಆನೇನ ಬಿಡಬಾರದಿತ್ತು" ಎಂದು ನಡುವೆ ಬೇಜಾರೂ ಮಾಡಿಕೊಂಡಳು.

ಏಳನೇ ಗುಡ್ಡ. ಗಾಳಿ. ಮುಚ್ಚಿದ ಬಾಗಿಲು. ಹುಡುಗಿ ಕೈಯೆತ್ತಿ ತಟ್ಟಿದಳು. ಒಳಗಿನಿಂದ ಒಂದು ದನಿ, ಯಾರದು?

ಅಮ್ಮ ಪೆಟ್ಟಿಗೆ ತೆರೆದಳು. ಕಂಬಳಿ, ಕೋಟು, ಮುಚ್ಚಳ. ಹಬೆ ಮೂವರ ಮುಖಕ್ಕೂ ಬಡಿಯಿತು. ಕಾಳು ಒಡೆಯದೆ ಅರಳಿತ್ತು, ಕ್ಯಾರೆಟ್ಟಿನ ಚೂರು ಚಮಚ ತಾಕಿದರೆ ಜಾರುತ್ತಿತ್ತು. ಮಗಳು ಮೂವರಿಗೂ ಬಡಿಸಿ, ಅಮ್ಮನ ಕೈಯನ್ನೇ ನೋಡುತ್ತಾ ಕೂತಳು. ಒಂದು ಚಮಚ. ಇನ್ನೊಂದು. ಅಮ್ಮ ಅಗಿಯುವುದನ್ನು ನಿಲ್ಲಿಸಿದಳು.

"ನಮ್ಮಮ್ಮನ ಕೈದಲ್ಲ ಇದು."

"ಗೊತ್ತಮ್ಮಾ."

"ಉಪ್ಪು ಕಮ್ಮಿ. ಇನ್ನೂ ಏನೋ ಕಮ್ಮಿ. ಏನು ಅಂತ ಹೇಳೋಕಾಗ್ತಿಲ್ಲ." ಅಮ್ಮನ ಕಣ್ಣು ತುಂಬಿತ್ತು, ಆದರೆ ಚಮಚ ಮತ್ತೆ ತಟ್ಟೆಗಿಳಿಯಿತು. ತಟ್ಟೆಯ ಅಂಚು ಕೆರೆದ ಸದ್ದಾಯಿತು. ಅಮ್ಮ ಅತ್ತ ಕಡೆ ನೋಡುತ್ತಲೇ ತಟ್ಟೆಯನ್ನು ಇತ್ತ ಚಾಚಿದಳು. "ಹಾಕು ಇನ್ನೊಂದು ಸೌಟು. ಮುಖ ಏನು ನೋಡ್ತೀಯ?"

ಅವಸರದಲ್ಲಿ ಮಗಳು ಬಡಿಸಿದ್ದರಲ್ಲಿ ಅರ್ಧ ಸೌಟು ನೆಲದ ಪಾಲಾಯಿತು.

ಇಸ್ತ್ರಿಯವಳು ತನ್ನ ತಟ್ಟೆಯನ್ನು ಬೆರಳಿನಿಂದಲೇ ಒರೆಸಿದಳು. "ಅಂದ್ರೆ ಒಲೆ ನನಗೆ ಸಿಗಲ್ಲ ಅಂತಾಯ್ತು."

"ಇಲ್ಲ ಕಣಮ್ಮ. ಗಂಜಿ ಬೇಕಾದ್ರೆ ಇಲ್ಲೇ ಬಂದು ಕುದಿಸ್ಕೋ. ಬೇರೆ ಪಾತ್ರೇಲಿ" ಎಂದಳು ಅಮ್ಮ.

"ಅದಿರ್ಲಿ, ಬಾಗಿಲು ತೆಗೆದೋರು ಯಾರು? ಅಣ್ಣನೇನಾ?"

ಅಮ್ಮ ಮಗಳ ಕಡೆ ನೋಡಿದಳು. ಮಗಳು ಅಮ್ಮನ ಕಡೆ.

"ನೀನು ಹೇಳು," ಎಂದಳು ಅಮ್ಮ.

"ನಿಂಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ನಂಗೆ ಇಷ್ಟೇ ಗೊತ್ತು."

"ನಂಗೂ ಇಷ್ಟೇ. ಅಲ್ಲಿಗೆ ಬಂದ್ರೆ ಪೆಟ್ಟಿಗೆ ತೆಗೀತಿದ್ಲು. ಹಬೆ ಬರ್ತಿತ್ತು. ಆಮೇಲೆ ಕಥೆ ಯಾರಿಗೆ ಬೇಕಿತ್ತು?"

ಅಷ್ಟು ವರ್ಷ, ಅಷ್ಟು ಮಧ್ಯಾಹ್ನ, ಒಮ್ಮೆಯಾದರೂ ಕೇಳಬಹುದಿತ್ತು. ಕೈಗೆಟುಕುವಷ್ಟು ಹತ್ತಿರ ಕೂತಿದ್ದಳು ಅಜ್ಜಿ. ಕೇಳಿದ್ದರೆ ಹೊಲಿಗೆ ಬದಿಗಿಟ್ಟು ಹೇಳಿಯೇ ಬಿಡುತ್ತಿದ್ದಳೇನೋ, ಇಲ್ಲವೆ ಅವಳಿಗೂ ಗೊತ್ತಿರಲಿಲ್ಲವೋ. ಇನ್ನು ಯಾರನ್ನು ಕೇಳುವುದು?

ಇಸ್ತ್ರಿಯವಳು ನಿಟ್ಟುಸಿರು ಬಿಟ್ಟಳು. ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಅಮ್ಮ ಚಮಚ ಹಿಡಿದೇ ಹೊರಗೆ ನೋಡುತ್ತಾ, ತನಗೆ ತಾನೇ ಎಂಬಂತೆ ಹೇಳಿದಳು:

"ಪಾಪ, ದೀಪ ಹಿಡ್ಕೊಂಡು ಎಷ್ಟು ವರ್ಷದಿಂದ ನಿಂತಿದ್ದಾಳೋ."